ಸೀಟಿನ ಕೆಳಗೊಂದು, ಸೀಟಿನ ಮೇಲೊಬ್ಬ

ಊರು ಹತ್ತಿರ ಬಂದಾಗ ಮಾತ್ರ ಕಾಲು ಜೋಮು ಹಿಡಿಯುವ ಕಾಯಿಲೆಯೊಂದು ನನಗಿತ್ತು. ಹೊಲಗದ್ದೆಗಳ ನಡುವೆ ಬರುವಾಗ ಏನೂ ಇರುತ್ತಿರಲಿಲ್ಲ. ಮೊದಲ ಅಂಗಡಿಯ ಬೋರ್ಡು ಕಂಡಿತೋ, ಎಡಗಾಲಿನಲ್ಲಿ ಇರುವೆ ಹರಿದಂತೆ ಶುರು. "ಸರೋಜ, ಇಲ್ಲೇ ನಿಲ್ಸು. ಕಾಲು ಜೋಮು ಹಿಡ್ದದೆ. ನಡ್ಕಂಡ್ ಬತ್ತೀನಿ, ನೀನ್ ಮುಂದೆ ಹೋಗಿರು" ಎನ್ನುತ್ತಿದ್ದೆ. ನನ್ನ ಹೆಂಡತಿ ಮೋಟರ್ ಸೈಕಲ್ ನಿಲ್ಲಿಸುತ್ತಿದ್ದಳು. ನಾನು ಹಿಂದಿನ ಸೀಟಿನಿಂದ ಇಳಿಯುತ್ತಿದ್ದೆ. ಅವಳು ಹೊರಟುಹೋದ ಮೇಲೆ, ಹೆಂಡತಿಗೂ ಮೋಟರ್ ಸೈಕಲಿಗೂ ಸಂಬಂಧವೇ ಇಲ್ಲದ ಸ್ವತಂತ್ರ ಗಂಡಸಿನ ಹಾಗೆ ಕೈಬೀಸಿಕೊಂಡು ಹುಣಸೂರಿನೊಳಗೆ ನಡೆದು ಬರುತ್ತಿದ್ದೆ. ಪೇಟೆಯ ಮಧ್ಯ ಬರುವಷ್ಟರಲ್ಲಿ ಕಾಲು ತಾನಾಗಿ ಸರಿಹೋಗಿರುತ್ತಿತ್ತು.

ಈ ಕಾಯಿಲೆಯ ಮೂಲ ಕಾಲಿನಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ಸೇರಿ, ಲೈನ್‌ಮನ್ ಆಗಿಯೇ ನಿವೃತ್ತನಾದವನು ನಾನು. ಹುಣಸೂರು, ಕಟ್ಟೆಮಳಲವಾಡಿ, ಹಂಪಾಪುರ ಎಂದು ಸುತ್ತಿದ್ದಷ್ಟೂ ಒಂದೇ ಗಾಡಿಯ ಮೇಲೆ. ಮೈಸೂರಿನಲ್ಲೇ ತಯಾರಾದ, ಎರಡು ಸೈಲೆನ್ಸರಿನ, ಕಿಕ್ಕರೂ ಗೇರೂ ಒಂದೇ ಕಡ್ಡಿಯಲ್ಲಿರುವ ಹಳೆಯ ಗಾಡಿ. ಅದರ ಸದ್ದು ಕೇಳಿದರೆ ಹಳ್ಳಿಯವರು "ಕರೆಂಟ್ ಬಂತು" ಎನ್ನುತ್ತಿದ್ದರು. ಬರದಿದ್ದ ದಿನ ಏನೆನ್ನುತ್ತಿದ್ದರೋ ಅದನ್ನು ಇಲ್ಲಿ ಬರೆಯುವಂತಿಲ್ಲ. ನಿವೃತ್ತಿಯ ನಂತರ ಒಂದು ಬೆಳಿಗ್ಗೆ ರಸ್ತೆಯ ಪಕ್ಕದಿಂದ ಬಂದ ಎಮ್ಮೆಯೊಂದು ನನ್ನ ಪಾಲಿಗೆ ಆಕಾಶದಿಂದ ಇಳಿದಂತೆ ಎದುರಿಗೆ ನಿಂತಿತು. ಎಮ್ಮೆಗೆ ಏನೂ ಆಗಲಿಲ್ಲ. ನಾನು ಗಾಡಿಯ ಸಮೇತ ಹೊಗೆಸೊಪ್ಪಿನ ಹೊಲದಲ್ಲಿ ಮಲಗಿದ್ದೆ. ಕಣ್ಣಿನ ಡಾಕ್ಟರು ಏನೇನೋ ಯಂತ್ರದೊಳಗೆ ನೋಡಿ, ನಿಮ್ಮ ನೋಟ ಅಂಚಿನಿಂದ ಮುಚ್ಚಿಕೊಂಡು ಬರುತ್ತಿದೆ, ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಹನಿ ಹಾಕಿಕೊಂಡರೆ ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಗಾಡಿ ಮಾತ್ರ ಮುಟ್ಟಬೇಡಿ ಎಂದರು.

ಗಾಡಿ ಹಿತ್ತಿಲಿನಲ್ಲಿ ನಿಂತಿತು. ಮಾರೋಣ ಎಂದೆ. ಸರೋಜ ಒಪ್ಪಲಿಲ್ಲ. ಅವಳು ಕೆ.ಆರ್. ನಗರದ ಕಡೆಯ ಗದ್ದೆಬಯಲಿನವಳು. ಲಂಗ ದಾವಣಿಯ ವಯಸ್ಸಿನಲ್ಲೇ ಅಪ್ಪನ ಟ್ರ್ಯಾಕ್ಟರನ್ನು ಕೆಸರಿನಲ್ಲಿ ಓಡಿಸಿದವಳು. ಮದುವೆಯಾಗಿ ಬಂದ ಮೇಲೆ ಹೊಲಿಗೆ ಯಂತ್ರದ ಪೆಡಲಿನ ಹೊರತು ಬೇರೆ ಯಾವ ಪೆಡಲಿನ ಮೇಲೂ ಕಾಲಿಟ್ಟಿರಲಿಲ್ಲ. "ಗದ್ದೇಲಿ ಟ್ರ್ಯಾಕ್ಟ್ರು ಓಡ್ಸಿದೋಳ್ಗೆ ಇದೇನ್ ಮಹಾ ಬುಡಿ" ಎಂದು ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದಳು. ನನ್ನ ಒದೆತಕ್ಕೆ ಅದು ಅಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಓಗೊಟ್ಟಿರಲಿಲ್ಲ. ಲೈಸೆನ್ಸ್ ಮಾಡಿಸಿಕೊಂಡಳು. ರವಿಕೆ ಬಟ್ಟೆ ತರುವುದು, ಹೊಲಿದದ್ದನ್ನು ಹಳ್ಳಿಗಳಿಗೆ ಕೊಟ್ಟುಬರುವುದು, ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲವೂ ಅದರ ಮೇಲೆಯೇ ನಡೆಯತೊಡಗಿತು. ನಾನು ಹಿಂದೆ ಕೂತೆ. ಕೂತ ದಿನದಿಂದ ಕಾಲು ಜೋಮು ಹಿಡಿಯಿತು.

ನಮ್ಮ ಕಡೆ ಮುಟ್ಟಿದರೆ ಮುನಿಯುವ ಗಿಡಕ್ಕೆ ನಾಚಿಕೆ ಮುಳ್ಳು ಎಂಬ ಹೆಸರೂ ಉಂಟು. ಹೆಸರಿಟ್ಟವರು ತಿಳಿದವರೇ. ಎಲೆ ಮುದುಡುವುದನ್ನು ಎಲ್ಲರೂ ನೋಡಿ ನಗುತ್ತಾರೆ. ಕೆಳಗೆ ದಂಟಿನ ತುಂಬ ಮುಳ್ಳಿರುವುದು ಹತ್ತಿರ ಹೋದವರಿಗಷ್ಟೇ ಗೊತ್ತಾಗುತ್ತದೆ. ನನ್ನ ಮುಳ್ಳು ಯಾರಿಗೆ ಚುಚ್ಚುತ್ತಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಈ ನಡುವೆ ಗಾಡಿಯ ರೆಗ್ಯುಲೇಟರ್ ಕೆಟ್ಟಿತು. ಎಂಜಿನ್ ಜೋರಾದಾಗಲೆಲ್ಲ ಬಲ್ಬು ಉರಿದುಹೋಗುವುದು, ಬ್ಯಾಟರಿಯ ನೀರು ಸಾರಿನಂತೆ ಕುದಿಯುವುದು. ಎಂಜಿನ್ ತಿರುಗಿದಷ್ಟೂ ಕರೆಂಟು ಹುಟ್ಟುತ್ತದೆ. ಅದನ್ನು ಅಳತೆಯಲ್ಲಿಟ್ಟು ಬ್ಯಾಟರಿಗೆ ಬಡಿಸುವವನು ರೆಗ್ಯುಲೇಟರ್. ಹಳೆಯದು ಸೀಟಿನ ಪಕ್ಕದ ಪೆಟ್ಟಿಗೆಯೊಳಗೆ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅಂಥದ್ದು ಈಗ ಸಿಗುವುದಿಲ್ಲ. ಗ್ಯಾರೇಜಿನ ನಯಾಜ಼್ ಭಾಯ್ ಮೈಸೂರಿನಿಂದ ಹೊಸ ಕಾಲದ್ದೊಂದನ್ನು ತರಿಸಿದರು. ನಯಾಜ಼್ ಭಾಯ್ ನನ್ನ ವಯಸ್ಸಿನವರು. ಅವರ ತಂದೆಯ ಕಾಲದಿಂದಲೂ ನನ್ನ ಗಾಡಿ ಅವರ ಅಂಗಡಿಯ ಮಗುವಿದ್ದಂತೆ.

ಹೊಸ ರೆಗ್ಯುಲೇಟರ್ ನೋಡಿ ನಾನು ಮುಖ ಸಿಂಡರಿಸಿದೆ. ಅಂಗೈಯಗಲದ ಅಲ್ಯೂಮಿನಿಯಂ ಗಟ್ಟಿ, ಬೆನ್ನ ತುಂಬ ಬಾಚಣಿಗೆಯ ಹಲ್ಲುಗಳು, ಹೊಟ್ಟೆಯಿಂದ ಇಳಿಬಿದ್ದ ಬಣ್ಣದ ವೈರುಗಳು. ಹಳೆಯ ಪೆಟ್ಟಿಗೆಯೊಳಗೆ ಅದು ಹಿಡಿಸಲಿಲ್ಲ.

"ಮುಂದ್ಗಡೆ ಹಾಕ್ಬುಡೋಣ ಸಾರ್" ಎಂದರು ನಯಾಜ಼್ ಭಾಯ್. ಪೆಟ್ರೋಲ್ ಟ್ಯಾಂಕಿನ ಕೆಳಗೆ, ಎಂಜಿನ್ನಿನ ಮುಂದೆ, ಕೆಳಕ್ಕೆ ಇಳಿಯುವ ಚಾಸಿಯ ಪೈಪನ್ನು ತೋರಿಸಿದರು. "ಗಾಳಿ ನೇರ ಒಡೀತದೆ. ಕೆಸ್ರು ಎರಚ್ದಂಗೆ ಒಂದ್ ತಗಡು ಕೊಟ್ರೆ ಆಯ್ತು."

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಎದುರಿನಿಂದ ಬರುವವನಿಗೆ ಮೊದಲು ಕಾಣುವುದೇ ಅದು. ಸೀರೆಯುಟ್ಟ ಹೆಂಗಸು ಮುಂದೆ, ಮೀಸೆಯ ಗಂಡಸು ಹಿಂದೆ, ಜನಕ್ಕೆ ನೋಡಲು ಅಷ್ಟು ಸಾಲದೇ? ಅದರ ಮೇಲೆ ಗಾಡಿಯ ಕೊರಳಿಗೆ ಈ ಬೆಳ್ಳಿ ತಾಯಿತ ಬೇರೆ. "ಮುಂದೆ ಬೇಡ ಭಾಯ್. ಅಸಹ್ಯ ಕಾಣ್ತದೆ. ಟ್ಯಾಂಕ್ ಅಡೀಲಿ, ಎಂಜಿನ್ ಮೇಲ್ಗಡೆ?"

"ಎಂಜಿನ್ ಕಾವು ಸಾರ್ ಅಲ್ಲಿ. ಬಿಸೀಗೆ ಬಿಸಿ ಸೇರ್ತದೆ."

"ಅಂಗಾದ್ರೆ ಸೀಟ್ ಕೆಳ್ಗಾಕು. ಯಾರ್ಗೂ ಕಾಣಲ್ಲ."

ಅವರು ಸೀಟು ಎತ್ತಿ ನೋಡಿ, ತಲೆ ಕೆರೆದುಕೊಂಡು, "ನಡೀತದೇನೋ ಸಾರ್. ಯಾರೋ ಆಕ್ಸಿದ್ರು ಅಂತ ಕೇಳಿದ್ದೆ. ನೀವೇ ಕರೆಂಟ್‌ನೋರು, ನಿಮ್ಗೆ ಗೊತ್ತಿರ್ತದೆ" ಎಂದರು.

ನನಗೆ ಗೊತ್ತಿತ್ತು. ನಾಚಿಕೆಯ ವಿಷಯ ಅದೇ. ಈ ಜಾತಿಯ ರೆಗ್ಯುಲೇಟರ್ ಮದುವೆ ಮನೆಯ ಯಜಮಾನನಿದ್ದಂತೆ. ಉಣ್ಣುವವರು ಕಡಿಮೆಯಾದಷ್ಟೂ ಅವನಿಗೆ ಸಂಕಟ ಹೆಚ್ಚು. ದೀಪ ಹಚ್ಚಿ ಓಡಿಸಿದರೆ ಹುಟ್ಟಿದ ಕರೆಂಟು ಖರ್ಚಾಗುತ್ತದೆ. ಹಗಲಿನಲ್ಲಿ, ದೀಪವಿಲ್ಲದೆ, ಬ್ಯಾಟರಿಯೂ ತುಂಬಿರುವಾಗ ಉಳಿದದ್ದನ್ನೆಲ್ಲ ಅದು ತನ್ನ ಮೈಯಲ್ಲೇ ಶಾಖವಾಗಿ ಕಳೆಯಬೇಕು. ಬೆನ್ನ ಮೇಲಿನ ಹಲ್ಲುಗಳಿರುವುದು ಅದಕ್ಕೆ, ಗಾಳಿಗೆ ಮೈ ಹೆಚ್ಚು ಸಿಗಲಿ ಎಂದು. ಟ್ರಾನ್ಸ್‌ಫಾರ್ಮರಿನ ಪಕ್ಕೆಯಲ್ಲಿ ಸಾಲಾಗಿ ರೆಕ್ಕೆಗಳಿರುವುದೂ ಅದಕ್ಕೇ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಲೈನ್ ನೋಡಲು ಹೋದಾಗ ಮರದ ನೆರಳಲ್ಲಿ ಆನೆಗಳು ಕಿವಿ ಬೀಸುತ್ತ ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸೆಖೆ ಕಳೆಯಲು ಅವೂ ರಕ್ತವನ್ನು ಕಿವಿಗೆ ಹರಿಸಿ ಗಾಳಿಗೆ ಒಡ್ಡುತ್ತವಂತೆ. ಟ್ರಾನ್ಸ್‌ಫಾರ್ಮರಿನ ಬೇಲಿಯ ಮೇಲೆ ಕಂಬಳಿ ಒಣಹಾಕಿದವರ ಮನೆ ಬಾಗಿಲಿಗೆ ಹೋಗಿ, "ಅದ್ಕೂ ಉಸ್ರಾಡಕ್ಕೆ ಬುಡ್ರಪ್ಪ" ಎಂದು ಬೈದು ಬಂದವನು ನಾನು. ಅಂಥವನು ಅದನ್ನು ಸ್ಪಂಜಿನ ಸೀಟಿನ ಕೆಳಗೆ, ಕತ್ತಲಲ್ಲಿ ಹಾಕಿಸಿದೆ. ಅದೂ ಹಿಂದಿನ ಸೀಟಿನ ಕೆಳಗೆ. ಎಂದರೆ ನನ್ನ ಕೆಳಗೆ.

ಕೆಲವು ದಿನ ಏನೂ ಆಗಲಿಲ್ಲ. ಪೇಟೆಯೊಳಗಿನ ಓಡಾಟಕ್ಕೆ ಅದು ಬಿಸಿಯಾಗುವ ಮೊದಲೇ ಮನೆ ಸೇರುತ್ತಿದ್ದೆವು. ಸರೋಜಳ ತಮ್ಮನಿಗೆ ಮೊಮ್ಮಗ ಹುಟ್ಟಿ, ಕೆ.ಆರ್. ನಗರದಾಚೆಯ ಅವಳ ತವರಿನಲ್ಲಿ ನಾಮಕರಣ ಇಟ್ಟುಕೊಂಡರು. ಮಗುವಿಗೆ ಅಜ್ಜಿಯಾದವಳು ಕುಲಾವಿ ಹೊಲಿಯಬೇಕಲ್ಲ. ಕೆಂಪು ಮಖಮಲ್ಲಿನ ಮೇಲೆ ಜರಿಯ ಅಂಚು ಕೊಟ್ಟು ಹೊಲಿದು, ಮುಂದೆ ಹ್ಯಾಂಡಲಿಗೆ ಚೀಲದಲ್ಲಿ ಕಟ್ಟಿಕೊಂಡಳು. ನಾನು ಹೊಸ ಬಿಳಿ ಪಂಚೆ ಉಟ್ಟೆ. ಬೆಳಗಿನ ಬಿಸಿಲಿನಲ್ಲಿ ಹುಣಸೂರು ಬಿಟ್ಟು ಹೆದ್ದಾರಿ ಹಿಡಿದೆವು. ದೀಪ ಹಚ್ಚಿರಲಿಲ್ಲ. ಅವಳು ಹದವಾದ ವೇಗದಲ್ಲಿ ಹಾಡು ಗುನುಗಿಕೊಂಡು ಓಡಿಸುತ್ತಿದ್ದಳು.

ಬಿಳಿಕೆರೆಗೆ ಅರ್ಧ ದಾರಿ ಕಳೆಯುವಷ್ಟರಲ್ಲಿ ಕೂತಲ್ಲಿ ಬೆಚ್ಚಗಾಯಿತು. ಬಿಸಿಲು ಎಂದುಕೊಂಡೆ. ಇನ್ನಷ್ಟು ಹೋಗುವಷ್ಟರಲ್ಲಿ ಬೆಚ್ಚಗಿದ್ದದ್ದು ಬಿಸಿಯಾಯಿತು. ಬಿಸಿಲು ಕೆಳಗಿನಿಂದ ಹುಟ್ಟುವುದಿಲ್ಲ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆಗಲೇ ಬಿಳಿಕೆರೆಯ ಮೊದಲ ಅಂಗಡಿಗಳು ಕಂಡವು. ಬಿಳಿಕೆರೆ ಎಂದರೆ ಸರ್ಕಲ್ಲು, ಬಸ್ಸುಗಳು, ಟೀ ಅಂಗಡಿಗಳು, ಜನ. ಜೊತೆಗೆ ನನ್ನ ಹಳೆಯ ಸಹೋದ್ಯೋಗಿ ಪುಟ್ಟರಾಜು. ನಿವೃತ್ತನಾದ ಮೇಲೆ ಅವನು ಅಲ್ಲಿಯ ಟೀ ಅಂಗಡಿಯೊಂದರ ಬೆಂಚಿನ ಮೇಲೆ ಹೊಸ ಡ್ಯೂಟಿಗೆ ಸೇರಿಕೊಂಡಿದ್ದ. ಇಲ್ಲಿ ಜೋಮಿನ ನೆಪ ಹೇಳಿ ಇಳಿದರೆ ಅವನ ಕಣ್ಣೆದುರೇ ಇಳಿದಂತೆ. ಸುಡುತ್ತಿದೆ ಎಂದು ನಿಲ್ಲಿಸಿದರೆ ಇನ್ನೂ ಕಷ್ಟ. ಕೆ.ಆರ್. ನಗರದ ಕಡೆಗೆ ತಿರುಗಿ ಊರು ದಾಟಿಬಿಡಲಿ, ಆಮೇಲೆ ಹೇಳಿದರಾಯಿತು ಎಂದು ಹಲ್ಲು ಕಚ್ಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಕೊಂಡು ಕೂತೆ.

"ಯಾಕ್ರೀ ಅಂಗೆ ಒದ್ದಾಡ್ತಿದ್ದೀರಿ? ಗಾಡಿ ಎಳೀತದೆ" ಎಂದಳು ಸರೋಜ.

"ಏನಿಲ್ಲ, ನೀ ಓಡ್ಸು."

ಸರ್ಕಲ್ಲಿನಲ್ಲಿ ಬಸ್ಸು ತಿರುಗುತ್ತಿತ್ತು. ಅವಳು ನಿಲ್ಲಿಸಿ ಕಾಲೂರಿದಳು. ಗಾಳಿ ನಿಂತದ್ದೇ ತಡ, ಸೀಟಿನ ಎರಡೂ ಬದಿಯಿಂದ ನೀಲಿ ಹೊಗೆ ಎದ್ದಿತು. ಟೀ ಅಂಗಡಿಯಿಂದ ಯಾರೋ ಕೂಗಿದರು: "ಅಣ್ಣೋ, ಇಳಿಯೋ! ತಿಕದ್ ಕೆಳ್ಗೆ ಒಗೆ ಬತ್ತಾ ಅದೆ!"

ನಾನು ಹಾರಿದೆ. ಆ ವಯಸ್ಸಿನಲ್ಲಿ ಅಷ್ಟು ಎತ್ತರ ಹಾರಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಸೀಟಿನ ಸಂದಿಗೆ ಸಿಕ್ಕಿದ್ದ ಪಂಚೆಯ ತುದಿಗೆ ಕರಗಿದ ವೈರಿನ ಪ್ಲಾಸ್ಟಿಕ್ಕು ಕರ್ರಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಪುಟ್ಟರಾಜು ಓಡಿಬಂದ. ಲೋಟ ತೊಳೆಯುವ ಬಕೆಟ್ಟನ್ನು ಎತ್ತಿಕೊಂಡೇ ಬಂದಿದ್ದ. ಅರ್ಧವನ್ನು ಸೀಟಿಗೆ ಎರಚಿದ, ಉಳಿದರ್ಧವನ್ನು ನನಗೆ. ಮುಖ ನೋಡಿದ್ದು ಆಮೇಲೆ.

"ಅಯ್ಯೋ, ನಮ್ ಲೈನ್‌ಮನ್ನು! ನೀನಾ? ಏನ್ಲಾ ಇದು? ಸೀಟ್ ಕೆಳ್ಗೆ ಏನಿಟ್ಟಿದ್ದೀಯೋ?"

"ರೆಗ್ಯುಲೇಟ್ರು" ಎಂದೆ.

"ಸೀಟ್ ಕೆಳ್ಗಾ? ನೀನಾ ಇಟ್ಟಿದ್ದು?" ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ. ಅದೇ ಹೆಚ್ಚು ನೋಯಿತು. ಗೇಲಿ ಮಾಡಿದ್ದರೆ ತಿರುಗಿ ಒಂದು ಮಾತು ಬಿಸಾಡಬಹುದಿತ್ತು. ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳಿದ್ದವು. ಅವರಿಗೆ ಬಕೆಟ್ಟು ಕಂಡಿರಲಿಲ್ಲ, ಸೊಂಟದಿಂದ ಕೆಳಗೆ ಪೂರ್ತಿ ನೆನೆದ ಬಿಳಿ ಪಂಚೆಯ ಮುದುಕನೊಬ್ಬ ಕಂಡಿದ್ದ, ಅಷ್ಟೇ. ಒಂದು ಮಗು ಬೆರಳು ತೋರಿಸಿತು. ಅದರ ತಾಯಿ ಬೆರಳನ್ನು ಮೆಲ್ಲಗೆ ಒಳಗೆಳೆದುಕೊಂಡಳು. ಆ ದಯೆ ಇಂದಿಗೂ ನೆನಪಾಗಿ ಮೈ ಹಿಡಿಯಾಗುತ್ತದೆ.

ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಸೀಟು ಬಿಚ್ಚಿ ರೆಗ್ಯುಲೇಟರಿನ ವೈರು ಕತ್ತರಿಸಿ, ಟೀ ಅಂಗಡಿಯವನಿಂದ ಟೇಪು ಕೇಳಿ ಸುತ್ತಿದೆ. ಸ್ಪಂಜಿನ ಅಡಿ ರೊಟ್ಟಿ ಸೀದಂತೆ ಸೀದಿತ್ತು. ಬ್ಯಾಟರಿಯಲ್ಲಿ ಇದ್ದಷ್ಟರಲ್ಲೇ ಅವಳ ತವರಿನ ತನಕ ಗಾಡಿ ಓಡುತ್ತದೆ, ಅಲ್ಲಿ ತಮ್ಮನ ಟ್ರ್ಯಾಕ್ಟರಿನ ಚಾರ್ಜರಿಗೆ ಹಾಕಿದರೆ ವಾಪಸ್ಸಿಗೂ ಆಗುತ್ತದೆ. ಇದನ್ನೆಲ್ಲ ಸರೋಜಳಿಗೆ ಹೇಳಿ, "ನೀನ್ ಹೋಗ್ಬುಡು. ನಾನು ಇಂಗೆ ಎಂಗ್ ಬರ್ಲಿ? ಬಸ್ ಹತ್ಕಂಡು ಮನೇಗೆ ಹೋಯ್ತೀನಿ" ಎಂದೆ.

ಅವಳು ನಗುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಎರಡಕ್ಕೂ ಸಿದ್ಧನಾಗಿದ್ದೆ. ಟೀ ಅಂಗಡಿಯ ಹಿಂದಿನ ಹೊಂಗೆಮರದ ಕೆಳಗೆ ಕರೆದುಕೊಂಡು ಹೋಗಿ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಅಂದಳು:

"ನಿಮ್ಗೆ ಕಾಲು ಜೋಮು ಹಿಡಿಯಲ್ಲ ಅಂತ ನಂಗ್ ಗೊತ್ತು ಕಣ್ರೀ."

ನಾನು ಪಂಚೆ ಹಿಂಡುತ್ತಿದ್ದೆ. ಹಿಂಡುತ್ತಲೇ ಇದ್ದೆ.

"ನನ್ ಜೊತೆ ಕಾಣುಸ್ಕೊಳಕ್ಕೆ ನಿಮ್ಗೆ ನಾಚ್ಕೆ. ಆಗ್ಲಿ. ನೀವ್ ಇಳ್ಕಂಡ್ ಮೇಲೆ ಪೇಟೆ ಒಳೀಕೆ ನಾನೊಬ್ಳೇ ಹೋಯ್ತೀನಲ್ಲ, ಆಗ ನಂಗೆ ಏನನ್ಸ್ತದೆ ಅಂತ ಯಾವತ್ತಾದ್ರೂ ಕೇಳಿದ್ರಾ? ನೋಡೋ ಜನ ನನ್ನೂ ನೋಡ್ತಾರೆ. ನಂಗೇನ್ ಕಣ್ಣಿಲ್ವಾ? ನೀವ್ ಹಿಂದೆ ಇದ್ರೆ, ನಮ್ ಯಜಮಾನ್ರು ಅವ್ರೆ, ಅವ್ರು ಒಪ್ಕಂಡವ್ರೆ, ಇನ್ಯಾರ್ದೇನು ಅಂತ ಧೈರ್ಯ ಇರ್ತದೆ. ನೀವೇ ಇಳ್ದೋದ್ರೆ, ನಾನೇನೋ ಮಾಡ್ಬಾರದ್ದು ಮಾಡ್ತಾ ಇವ್ನಿ ಅನ್ಸ್ತದೆ."

ಲೈನ್ ಕೆಲಸದಲ್ಲಿ ಒಂದೆರಡು ಸಲ ಶಾಕ್ ಹೊಡೆಸಿಕೊಂಡವನು ನಾನು. ಆಗ ಕೈ ಬಿಡಿಸಿಕೊಂಡು ಬಿದ್ದಿದ್ದೆ. ಈ ಮಾತಿನಿಂದ ಬಿಡಿಸಿಕೊಳ್ಳುವ ದಾರಿ ಕಾಣಲಿಲ್ಲ. ಅಷ್ಟು ದಿನ ನಾಚಿಕೆ ನನ್ನೊಬ್ಬನ ಆಸ್ತಿ ಎಂದುಕೊಂಡು ಜೋಪಾನ ಮಾಡುತ್ತಿದ್ದೆ. ಊರಂಚಿನಲ್ಲಿ ಇಳಿಯುವಾಗಲೆಲ್ಲ ಅದನ್ನು ಅವಳ ಹಿಂದೆ, ನಾನು ಕೂತಿದ್ದ ಜಾಗದಲ್ಲಿ, ಕೂರಿಸಿ ಕಳಿಸುತ್ತಿದ್ದೆ ಎಂದು ತಿಳಿದಿರಲಿಲ್ಲ.

"ಬಸ್ಸಲ್ ಹೋಗೋದಾದ್ರೆ ಹೋಗಿ. ಕುಲಾವಿ ತಲುಪ್ಬೇಕು, ನಾನ್ ಹೊರಟೆ" ಎಂದು ಅವಳು ಗಾಡಿಯ ಕಡೆಗೆ ನಡೆದಳು.

ಮೈಸೂರಿನಿಂದ ಹುಣಸೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ನನ್ನ ಪಂಚೆ ನೋಡಿ ಅನುಮಾನಿಸಿದ. ಅವನಿಗೆ ಬೇಡವೆಂದು ಕೈಯಾಡಿಸಿ, ಸೀದ ಸ್ಪಂಜಿನ ಮೇಲೆ ಟೀ ಅಂಗಡಿಯವನ ಗೋಣಿಚೀಲ ಹಾಸಿಕೊಂಡು ಅವಳ ಹಿಂದೆ ಹತ್ತಿ ಕೂತೆ. ಪುಟ್ಟರಾಜು "ಉಸಾರು ಕಣ್ಲಾ" ಎಂದ. ನನಗೋ, ಗಾಡಿಗೋ ತಿಳಿಯಲಿಲ್ಲ. ಅವಳು ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದಳು.

ಕೆ.ಆರ್. ನಗರ ಬಂದಾಗ ಕಾಲು ಜೋಮು ಹಿಡಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಡಿಯಿತು. ನಾನು ಬಾಯಿ ಬಿಡಲಿಲ್ಲ, ಅಷ್ಟೇ. ಪೇಟೆ ಬೀದಿಯ ಉದ್ದಕ್ಕೂ ಅವಳ ಭುಜದ ಮೇಲಿನ ಹೊಲಿಗೆಯನ್ನೇ ನೋಡುತ್ತ ಕೂತೆ. ಮುಖ ಎತ್ತುವಷ್ಟು ಧೈರ್ಯ ಬಂದಿರಲಿಲ್ಲ. ತವರಿನ ಅಂಗಳದಲ್ಲಿ ಇಳಿದಾಗ ಬಾಮೈದ ಪಂಚೆ ನೋಡಿ, "ಇದೇನ್ ಬಾವ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಸರೋಜ, "ದಾರೀಲಿ ಗಾಡಿ ಕೆಡ್ತು, ರಿಪೇರಿ ಮಾಡಿದ್ರು. ಅವ್ರಿಲ್ದಿದ್ರೆ ನಾನ್ ಬರಕ್ಕಾಯ್ತಿರ್ಲಿಲ್ಲ" ಎಂದಳು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಊಟದೆಲೆಯ ಮುಂದೆ ಬಾಮೈದನ ಲುಂಗಿಯುಟ್ಟು ಕೂತಿದ್ದಾಗ ತೊಟ್ಟಿಲ ಕಡೆಯಿಂದ ನಗು ಕೇಳುತ್ತಿತ್ತು. ಮಗುವಿಗೆ ಕುಲಾವಿ ದೊಡ್ಡದಾಗಿ ಕಣ್ಣಿನ ತನಕ ಇಳಿದುಬಿಟ್ಟಿತ್ತಂತೆ. ನನ್ನ ಮಾನವನ್ನು ಅವಳು ಅಷ್ಟು ಸಲೀಸಾಗಿ ಮುಚ್ಚಿದ್ದಳು.

ಮರುದಿನ ನಯಾಜ಼್ ಭಾಯ್ ಸೀಟಿನ ಅಡಿ ನೋಡಿ ಕಿವಿ ಮುಟ್ಟಿಕೊಂಡರು. "ತೌಬಾ! ನಾನೂ ಒಪ್ಕೋಬಾರ್ದಿತ್ತು ಸಾರ್. ಗಿರಾಕಿ ಕರೆಂಟ್‌ನೋರು ಅಂತ ಸುಮ್ನಾದೆ." ಹೊಸದೊಂದನ್ನು ತರಿಸಿ, ಈ ಸಲ ಸರೋಜಳನ್ನೇ ಕೇಳಿದರು. ಅವಳು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಇಲ್ಲಿ" ಎಂದು ಚಾಸಿಯ ಪೈಪಿನ ಮೇಲೆ ಬೆರಳಿಟ್ಟಳು. ನಾನು ಆ ಜಾಗದ ಬಣ್ಣವನ್ನು ಕೆರೆದು ಬರಿಯ ಕಬ್ಬಿಣ ಕಾಣಿಸಿದೆ. ಬಣ್ಣದ ಮೇಲೆ ಕೂರಿಸಿದರೆ ಅರ್ಥಿಂಗ್ ಸಿಗುವುದಿಲ್ಲ, ಶಾಖವೂ ಕಬ್ಬಿಣಕ್ಕೆ ಇಳಿಯುವುದಿಲ್ಲ. ಹಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗಿ ಹೋಗುವಂತೆ ನಿಲ್ಲಿಸಿ, ಮುಂದಿನ ಚಕ್ರದ ಕೆಸರಿಗೆ ತಗಡು ಅಡ್ಡ ಕೊಟ್ಟು ಬಿಗಿದೆವು. ಹುಣಸೂರನ್ನು ಸುತ್ತಿ ಬಂದು ಮುಟ್ಟಿ ನೋಡಿದರೆ, ಬೆಚ್ಚಗಿತ್ತು, ಅಷ್ಟೇ. ಚೆಂದ ಕಾಣುತ್ತದೆಯೇ? ಇಲ್ಲ. ಎಲ್ಲರೂ ನೋಡುತ್ತಾರೆ.

ನಾಚಿಕೆ ಹೋಯಿತೇ ಎಂದು ನೀವು ಕೇಳಿದರೆ ಅದಕ್ಕೂ ಇಲ್ಲ ಎಂದೇ ಹೇಳಬೇಕು. ಮೀಸೆಯಂತೆ ಅದೂ ಮುಖದ ಮೇಲೆಯೇ ಬೆಳೆದದ್ದು. ಆದರೆ ಈಗ ನನ್ನ ನಾಚಿಕೆಯ ಬಗ್ಗೆಯೇ ನನಗೆ ನಾಚಿಕೆ ಹೆಚ್ಚು. ಎರಡರಲ್ಲಿ ಎರಡನೆಯದು ಬಲಶಾಲಿಯಾದ್ದರಿಂದ ಗಾಡಿಯ ಮೇಲೆ ಗಟ್ಟಿಯಾಗಿ ಕೂತಿರುತ್ತೇನೆ.

ಮೊನ್ನೆ ಪಿರಿಯಾಪಟ್ಟಣಕ್ಕೆ ಹೋಗಿದ್ದೆವು. ಸರೋಜ ಲೈನಿಂಗ್ ಬಟ್ಟೆ ತೆಗೆಯಲು ಅಂಗಡಿಯೊಳಗೆ ಹೋದಳು. ನಾನು ಗಾಡಿಯ ಹತ್ತಿರ ನಿಂತಿದ್ದೆ. ಶುಂಠಿ ಮೂಟೆಗಳ ಪಿಕಪ್ಪು ನಿಲ್ಲಿಸಿ ಇಳಿದ ನಡುವಯಸ್ಸಿನವನೊಬ್ಬ ಗಾಡಿಯನ್ನು ಸುತ್ತು ಹಾಕಿ ನೋಡಿದ.

"ಗಾಡಿ ಸಕತ್ತಾಗದೆ. ಯಾರ್ದು ಯಜಮಾನ್ರೆ?"

"ನಮ್ಮನೆಯವ್ರದು" ಎಂದೆ. ಬಾಯಿಂದ ಬಂದ ಮೇಲೆ ನನಗೇ ನಗು ಬಂತು. ಹೆಂಗಸರು ಗಂಡನನ್ನು ಹೆಸರು ಹಿಡಿದು ಹೇಳದೆ ಆಡುವ ಮಾತು ಅದು. "ಒಳಗವ್ರೆ, ಬತ್ತಾರೆ."

ಅವನು 'ಅವರಿ'ಗಾಗಿ ಕಾದು ನಿಂತ. ಸರೋಜ ಬಂದು, ಬಟ್ಟೆಯ ಗಂಟನ್ನು ಹ್ಯಾಂಡಲಿಗೆ ಸಿಕ್ಕಿಸಿ, ಸೆರಗು ಬಿಗಿದು ಗಾಡಿ ಹತ್ತಿದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ನನ್ನ ಮುಖ ಕೆಂಪಾಯಿತು. ನಗಲಿ, ನಗಲಿ ಎಂದುಕೊಂಡು ಕಾದೆ. ಅವನು ನಗಲಿಲ್ಲ. ಹತ್ತಿರ ಬಂದು, ಪಿಕಪ್ಪಿನಲ್ಲಿ ಕೂತಿದ್ದ ತನ್ನ ಹೆಂಡತಿಗೆ ಕೇಳದಂತೆ ದನಿ ತಗ್ಗಿಸಿದ.

"ನಮ್ಮನೇಲೂ ಒಬ್ಳು ಕಲೀತೀನಿ ಅಂತ ಪ್ರಾಣ ತಿಂತಾವ್ಳೆ. ನಿಜ ಯೋಳಿ ಯಜಮಾನ್ರೆ, ಹಿಂದೆ ಕೂತ್ಕಂಡ್ರೆ ಎಂಗಿರ್ತದೆ?"

ನಾನು ಹತ್ತಿ ಕೂತು ಪಂಚೆ ಸರಿಮಾಡಿಕೊಂಡು ಯೋಚಿಸಿದೆ.

"ಊರು ಕಾಣ್ತದೆ ಕಣಪ್ಪ" ಎಂದೆ. "ನಾನ್ ಓಡಿಸ್ತಿದ್ದಾಗ ಬರೀ ರೋಡ್ ಕಾಣ್ತಿತ್ತು."